ಜಪಾನಿ ಭಾಷೆಯ ಫಲಸೂಚಕ ಅವ್ಯಯಗಳು

ಒಂದು ವಾಕ್ಯದಲ್ಲಿ ಹೇಳಿದ ಸಂಗತಿಯ ಫಲವನ್ನು ಅಥವಾ ಅದರಿಂದ ಹೊರಡುವ ತೀರ್ಮಾನವನ್ನು ಮುಂದಿನ ವಾಕ್ಯ ಹೇಳುತ್ತದೆ ಎಂದು ಸೂಚಿಸಲು, ಆ ಮುಂದಿನ ವಾಕ್ಯದ ಮೊದಲಲ್ಲಿ ಬರುವ ಜಪಾನಿ ಪದಗಳೇ ಫಲಸೂಚಕ ಅವ್ಯಯಗಳು. ದಕರ, ಸೊರೆದೆ, ಸೊನೊ ತಮೆ, ಸೊನೊ ಕೆಕ್ಕ, ಸೊಕೊದೆ, ಸುರುತೊ, ಶಿತಗತ್ತೆ, ಯೊತ್ತೆ, ಯುಎ ನಿ ಇವುಗಳಲ್ಲಿ ಮುಖ್ಯವಾದವು. ಕನ್ನಡದಲ್ಲಿ ಆದ್ದರಿಂದ, ಹೀಗಾಗಿ, ಅದಕ್ಕೆ, ಆದಕಾರಣ ಎಂಬ ಪದಗಳು ಮಾಡುವ ಕೆಲಸವನ್ನೇ ಇವು ಮಾಡುತ್ತವೆ. ಈ ಲೇಖನ ಅವುಗಳ ಮೂಲ, ರಚನೆ, ಬಗೆ ಮತ್ತು ಬಳಕೆಯನ್ನು ಕನ್ನಡದ ಮೂಲಕ ಜಪಾನಿ ಕಲಿಯುವವರ ದೃಷ್ಟಿಯಿಂದ ವಿವರಿಸುತ್ತದೆ. ಕೆಲವು ಉದಾಹರಣೆಗಳನ್ನು ತುಮಕೂರು ಜಿಲ್ಲೆಯ ಸಿದ್ದರಬೆಟ್ಟದ ಸೀಮೆಯಿಂದ, ಅಂದರೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳಿಂದ ಆರಿಸಿಕೊಳ್ಳಲಾಗಿದೆ.

ಪರಿಭಾಷೆ

ಜಪಾನಿನ ಶಾಲಾ ವ್ಯಾಕರಣದಲ್ಲಿ ವಾಕ್ಯಗಳನ್ನು ಬೆಸೆಯುವ ಪದವರ್ಗಕ್ಕೆ ‘ಸೆತ್ಸುಜೊಕುಶಿ’ ಎಂಬ ಹೆಸರಿದೆ. ಕಾರಣದಿಂದ ನಿರೀಕ್ಷಿತ ಫಲಕ್ಕೆ ಸಾಗುವ ಸಂಬಂಧ ‘ಜುನ್ಸೆತ್ಸು’; ನಿರೀಕ್ಷೆಗೆ ವಿರುದ್ಧವಾಗಿ ತಿರುಗುವ ಸಂಬಂಧ ‘ಗ್ಯಕುಸೆತ್ಸು’. ಫಲಸೂಚಕ ಅವ್ಯಯಗಳು ಮೊದಲನೆಯ ಗುಂಪಿಗೆ ಸೇರುತ್ತವೆ. ವಾಕ್ಯದೊಳಗೇ ಕ್ರಿಯಾಪದದ ಕೊನೆಗೆ ಹತ್ತಿಕೊಂಡು ಕಾರಣ ಹೇಳುವ ಕರ, ನೊದೆ ಮೊದಲಾದ ಪ್ರತ್ಯಯಗಳನ್ನು ‘ಸೆತ್ಸುಜೊಕು ಜೊಶಿ’ ಎಂದು ಬೇರೆಯಾಗಿ ಗಣಿಸುತ್ತಾರೆ.

ಕನ್ನಡದ ಶಾಲಾ ವ್ಯಾಕರಣ ಆದ್ದರಿಂದ, ಆದಕಾರಣ ಮೊದಲಾದವನ್ನು ಮತ್ತು, ಆದರೆ, ಅಥವಾ ಎಂಬವುಗಳ ಜತೆಗೆ ‘ಸಂಬಂಧಾರ್ಥಕಾವ್ಯಯ’ ಎಂಬ ಒಂದೇ ಗುಂಪಿನಲ್ಲಿ ಇಡುತ್ತದೆ. ಈ ಲೇಖನದಲ್ಲಿ ಕಾರಣ ಹೇಳುವ ವಾಕ್ಯವನ್ನು ಪೂರ್ವವಾಕ್ಯ ಎಂದೂ ಫಲ ಹೇಳುವ ವಾಕ್ಯವನ್ನು ಉತ್ತರವಾಕ್ಯ ಎಂದೂ ಕರೆಯಲಾಗಿದೆ.

ಉಚ್ಚಾರಣೆ ಮತ್ತು ಲಿಪ್ಯಂತರ

ಜಪಾನಿಯಲ್ಲಿ ಎ-ಏ, ಒ-ಓ ಸ್ವರಗಳ ಹ್ರಸ್ವ ದೀರ್ಘ ಭೇದ ಅರ್ಥವನ್ನು ಬದಲಿಸುತ್ತದೆ. ಕನ್ನಡ ಲಿಪಿಯಲ್ಲಿ ಈ ನಾಲ್ಕಕ್ಕೂ ಬೇರೆಬೇರೆ ಅಕ್ಷರಗಳಿರುವುದರಿಂದ ಲಿಪ್ಯಂತರ ಸುಲಭ. ಶಿತಗತ್ತೆ, ಯೊತ್ತೆ, ಕೆಕ್ಕ ಎಂಬಲ್ಲಿನ ದ್ವಿತ್ವವನ್ನು ಒತ್ತಕ್ಷರ ನೇರವಾಗಿ ತೋರಿಸುತ್ತದೆ. ‘ಅತ್ತೆ’, ‘ಅಕ್ಕ’ ಎಂದು ಹೇಳಬಲ್ಲವರಿಗೆ ಇದು ಹೊಸ ಧ್ವನಿಯಲ್ಲ. ಗಮನ ಕೊಡಬೇಕಾದ ಧ್ವನಿಗಳು ಮೂರು. ‘ತ್ಸು’ ಎಂಬ ಸಂಯುಕ್ತ ಧ್ವನಿ ಕನ್ನಡದಲ್ಲಿ ಪದದ ಮೊದಲಲ್ಲಿ ಬರುವುದಿಲ್ಲ. ‘ಫು’ ಎಂದು ಬರೆಯುವ ಧ್ವನಿಯನ್ನು ತುಟಿಗಳನ್ನು ಪೂರ್ತಿ ಮುಚ್ಚದೆ ಉಸಿರಿನಿಂದ ಹೊರಡಿಸಬೇಕು. ಅಘೋಷ ವ್ಯಂಜನಗಳ ನಡುವಿನ ಇ, ಉ ಸ್ವರಗಳು ಮಾತಿನಲ್ಲಿ ಬಹುಮಟ್ಟಿಗೆ ಕೇಳಿಸುವುದಿಲ್ಲ. ಹಾಗಾಗಿ ಶಿತಗತ್ತೆ ಎಂಬುದು ‘ಶ್ತಗತ್ತೆ’ ಎಂಬಂತೆಯೂ ದಕರದ ಗೌರವರೂಪವಾದ ದೆಸುಕರ ಎಂಬುದು ‘ದೆಸ್ಕರ’ ಎಂಬಂತೆಯೂ ಕಿವಿಗೆ ಬೀಳುತ್ತದೆ.

ಮೂಲ

ಹಳೆಯ ಜಪಾನಿಯಲ್ಲಿ ಕಾರಣವನ್ನು ಕ್ರಿಯಾಪದಕ್ಕೆ ಹತ್ತುವ ‘ಬ’ ಪ್ರತ್ಯಯ ಹೇಳುತ್ತಿತ್ತು. ‘ಹಾಗಿರಲಾಗಿ’ ಎಂಬರ್ಥದ ‘ಸರೆಬ’, ‘ಶಿಕರೆಬ’ ಎಂಬ ರೂಪಗಳು ಅದರಿಂದಲೇ ಹುಟ್ಟಿ ವಾಕ್ಯದ ಮೊದಲಿಗೆ ಬಂದವು. ಚೀನೀ ಗ್ರಂಥಗಳನ್ನು ಜಪಾನಿ ಪದಕ್ರಮಕ್ಕೆ ತಿರುಗಿಸಿ ಓದುವ ‘ಕುಂದೊಕು’ ಎಂಬ ಪದ್ಧತಿ ಬೆಳೆದಾಗ ಯುಎ ನಿ, ಯೊತ್ತೆ, ಶಿತಗತ್ತೆ ಎಂಬ ರೂಪಗಳು ವಿದ್ವತ್ ಗದ್ಯದಲ್ಲಿ ನೆಲೆಗೊಂಡವು. ಈ ಮೂರು ಇಂದಿಗೂ ಬರಹದ ಗಾಂಭೀರ್ಯವನ್ನು ಉಳಿಸಿಕೊಂಡಿರುವುದಕ್ಕೆ ಈ ಹಿನ್ನೆಲೆಯೇ ಕಾರಣ. ‘ಕರ’ ಮೊದಲಿಗೆ ಸ್ಥಳ ಮತ್ತು ಕಾಲದ ಆರಂಭವನ್ನು ಸೂಚಿಸುವ ಪ್ರತ್ಯಯ. ಎದೊ ಯುಗದ (1603–1868) ಆಡುಮಾತಿನಲ್ಲಿ ಅದು ಕಾರಣಾರ್ಥದಲ್ಲಿ ಬೇರೂರಿತು. ಅದರಿಂದ ಬೆಳೆದ ದಕರ ಇಂದಿನ ಮಾತಿನಲ್ಲಿ ಹೆಚ್ಚು ಕೇಳಿಬರುವ ಫಲಸೂಚಕಗಳಲ್ಲಿ ಒಂದು.

ಕನ್ನಡದಲ್ಲಿಯೂ ಇಂಥ ಪದಗಳು ತಡವಾಗಿ ಅಚ್ಚಾದ ಸಂಯುಕ್ತಗಳು. ಹಳಗನ್ನಡದ ‘ಅದಱಿಂ’ ಸರ್ವನಾಮದ ವಿಭಕ್ತಿರೂಪ. 12ನೆಯ ಶತಮಾನದ ಶರಣರ ವಚನಗಳಲ್ಲಿ ‘ಇದು ಕಾರಣ’, ‘ಅದು ಕಾರಣ’ ಎಂಬವು ಮಾತಿನ ಕೊನೆಯ ತೀರ್ಮಾನಕ್ಕೆ ದಾರಿಮಾಡುವ ಪದಗಳಾಗಿ ಮತ್ತೆ ಮತ್ತೆ ಬರುತ್ತವೆ. ಇಂದಿನ ‘ಆದ್ದರಿಂದ’ ಎಂಬುದು ‘ಆದುದರಿಂದ’ ಎಂಬುದರ ಸಂಕುಚಿತ ರೂಪ.

ರಚನೆ

ಜಪಾನಿ ಫಲಸೂಚಕಗಳು ನಾಲ್ಕು ಬಗೆಯ ಮೂಲಗಳಿಂದ ಕಟ್ಟಿಕೊಂಡಿವೆ.

1. ನಿರ್ದೇಶಕ ಸರ್ವನಾಮದಿಂದ ಆದವು. ‘ಸೊರೆ’ (ಅದು) ಎಂಬುದಕ್ಕೆ ತೃತೀಯಾರ್ಥದ ‘ದೆ’ ಸೇರಿ ಸೊರೆದೆ. ‘ಸೊಕೊ’ (ಅಲ್ಲಿ) ಎಂಬುದಕ್ಕೆ ಅದೇ ‘ದೆ’ ಸೇರಿ ಸೊಕೊದೆ. ‘ಸೊನೊ’ (ಆ, ಅದರ) ಎಂಬುದರ ಮುಂದೆ ‘ತಮೆ’ (ಸಲುವು) ಬಂದು ಸೊನೊ ತಮೆ. ‘ಕೆಕ್ಕ’ (ಪರಿಣಾಮ) ಬಂದು ಸೊನೊ ಕೆಕ್ಕ.

2. ‘ಆಗಿದೆ’ ಎಂಬರ್ಥದ ಕ್ರಿಯೆಯಿಂದ ಆದವು. ‘ದ’ ಎಂಬುದಕ್ಕೆ ‘ಕರ’ ಸೇರಿ ದಕರ. ಅದರ ಗೌರವರೂಪ ‘ದೆಸು’ ಸೇರಿ ದೆಸುಕರ. ‘ನ’ ಎಂಬ ರೂಪಕ್ಕೆ ‘ನೊದೆ’ ಸೇರಿ ನನೊದೆ.

3. ಕ್ರಿಯಾಪದದಿಂದ ಆದವು. ‘ಶಿತಗವು’ (ಅನುಸರಿಸು) ಎಂಬುದರ ಕೃದಂತ ಶಿತಗತ್ತೆ. ‘ಯೊರು’ (ಆಧರಿಸು) ಎಂಬುದರ ಕೃದಂತ ಯೊತ್ತೆ. ‘ಸುರು’ (ಮಾಡು) ಎಂಬುದಕ್ಕೆ ‘ತೊ’ ಸೇರಿ ಸುರುತೊ.

4. ನಾಮಪದದಿಂದ ಆದವು. ‘ಯುಎ’ (ಕಾರಣ) ಎಂಬುದಕ್ಕೆ ‘ನಿ’ ಸೇರಿ ಯುಎ ನಿ.

ಈ ನಾಲ್ಕಕ್ಕೂ ಕನ್ನಡದಲ್ಲಿ ಸಮಾನ ರಚನೆಗಳಿವೆ. ಅದರಿಂದ, ಅದಕ್ಕಾಗಿ, ಅದರ ಪರಿಣಾಮವಾಗಿ ಎಂಬವು ಮೊದಲ ಬಗೆಯವು. ‘ಆಗು’ ಧಾತುವಿನ ‘ಆದುದು’ ಎಂಬ ರೂಪಕ್ಕೆ ‘ಇಂದ’ ಹತ್ತಿ ಆದ ‘ಆದ್ದರಿಂದ’ ಎರಡನೆಯ ಬಗೆಗೆ ಹೊಂದುತ್ತದೆ. ‘ಕರ’ದಂತೆ ‘ಇಂದ’ವೂ ‘ಊರಿನಿಂದ ಬಂದ’ ಎಂಬಲ್ಲಿ ಸ್ಥಳವನ್ನೂ ‘ಮಳೆಯಿಂದ ಕೆಟ್ಟಿತು’ ಎಂಬಲ್ಲಿ ಕಾರಣವನ್ನೂ ಹೇಳುತ್ತದೆ. ಕಚೇರಿ ಕನ್ನಡದ ‘ತದನುಸಾರ’, ‘ಅದರನ್ವಯ’ ಎಂಬವು ಶಿತಗತ್ತೆಯ ಹಾಗೆ ಅನುಸರಿಸುವ ಅರ್ಥದಿಂದ ಹುಟ್ಟಿದವು. ‘ಆದಕಾರಣ’ ಯುಎ ನಿ ಎಂಬುದಕ್ಕೆ ಸಮೀಪದ್ದು.

ಬಗೆಗಳು

ದಕರ. ಮಾತಾಡುವವರು ತಮ್ಮ ತೀರ್ಮಾನವನ್ನು ಒತ್ತಿಹೇಳುವಾಗ ಬಳಸುವ ರೂಪ. ಉತ್ತರವಾಕ್ಯ ನಡೆದ ಸಂಗತಿ, ಊಹೆ, ಸಲಹೆ, ಆಜ್ಞೆ ಯಾವುದೂ ಆಗಬಹುದು. ‘ಸೊರ ಗ ಕುರಯ್. ದಕರ, ಅಮೆ ಗ ಫುರು ದರೋ’ ಎಂದರೆ ‘ಆಕಾಶ ಕಪ್ಪಾಗಿದೆ. ಆದ್ದರಿಂದ ಮಳೆ ಬಂದೀತು’. ಹಿರಿಯರೊಡನೆ, ಗ್ರಾಹಕರೊಡನೆ ದೆಸುಕರ ಬಳಸುತ್ತಾರೆ. ದಕರಕ್ಕೆ ಆಕ್ಷೇಪಣೆಯ ದನಿಯೂ ಇದೆ. ‘ದಕರ ಇತ್ತ ದೆಶೋ’ ಎಂಬುದು ‘ಅದಕ್ಕೇ ಹೇಳಿದ್ದು!’ ಎಂಬ ಕನ್ನಡದ ಮಾತಿಗೆ ಸರಿಹೋಗುತ್ತದೆ. ಒಂಟಿಯಾಗಿ ಪ್ರಶ್ನೆಯ ದನಿಯಲ್ಲಿ ‘ದಕರ?’ ಎಂದರೆ ‘ಅದಕ್ಕೇನೀಗ?’ ಎಂದಂತೆ, ಗೌರವದ ಸಂದರ್ಭದಲ್ಲಿ ಅದು ಸಲ್ಲದು.

ಸೊರೆದೆ. ನಡೆದ ಸಂಗತಿಗೂ ಅದರ ಸಹಜ ಫಲಕ್ಕೂ ನಂಟು ಹೇಳುವ ಮೃದುವಾದ ರೂಪ. ‘ಕಿನೋ ವ ನೆತ್ಸು ಗ ಅರಿಮಶಿತ. ಸೊರೆದೆ, ಗಕ್ಕೋ ಒ ಯಸುಮಿಮಶಿತ’ ಎಂದರೆ ‘ನಿನ್ನೆ ಜ್ವರವಿತ್ತು. ಅದಕ್ಕೆ ಶಾಲೆಗೆ ಹೋಗಲಿಲ್ಲ’. ಕೇಳುಗರು ‘ಸೊರೆದೆ?’ ಎಂದರೆ ‘ಆಮೇಲೆ?’ ಎಂದು ಮಾತನ್ನು ಮುಂದುವರಿಸುವ ಕೋರಿಕೆ.

ಸೊನೊ ತಮೆ. ಕಾರಣವನ್ನು ವಸ್ತುನಿಷ್ಠವಾಗಿ ಹೇಳುವ ರೂಪ. ಸುದ್ದಿ, ವರದಿ, ಪಠ್ಯಗಳಲ್ಲಿ ಹೆಚ್ಚು. ‘ಪಾವಗಡ ವ ಅಮೆ ಗ ಸುಕುನಯ್. ಸೊನೊ ತಮೆ, ನೋಗ್ಯೋ ಗ ಮುಜುಕಶೀ’ ಎಂದರೆ ‘ಪಾವಗಡದಲ್ಲಿ ಮಳೆ ಕಡಿಮೆ. ಹೀಗಾಗಿ ಬೇಸಾಯ ಕಷ್ಟ’. ‘ತಮೆ’ ಉದ್ದೇಶವನ್ನೂ ಹೇಳುತ್ತದೆ, ಕಾರಣವನ್ನೂ ಹೇಳುತ್ತದೆ. ಕನ್ನಡದ ‘ಅದಕ್ಕಾಗಿ’ ಎಂಬುದಕ್ಕೂ ಈ ಎರಡು ಅರ್ಥಗಳಿವೆ.

ಸೊನೊ ಕೆಕ್ಕ. ಒಂದು ಕ್ರಿಯೆ ಮುಗಿದ ಮೇಲೆ ಕಾಣುವ ಪರಿಣಾಮವನ್ನು ಹೇಳುತ್ತದೆ. ಪಾವಗಡ ತಾಲ್ಲೂಕಿನಲ್ಲಿ ರೈತರಿಂದ ಜಮೀನನ್ನು ಗುತ್ತಿಗೆಗೆ ಪಡೆದು 2050 ಮೆಗಾವಾಟ್ ಸಾಮರ್ಥ್ಯದ ಸೌರ ವಿದ್ಯುತ್ ಪಾರ್ಕ್ ಸ್ಥಾಪಿಸಲಾಗಿದೆ. ಇದನ್ನು ‘ತಯ್ಯೋಕೋ ಹತ್ಸುದೆನ್ಶೊ ಗ ದೆಕಿತ. ಸೊನೊ ಕೆಕ್ಕ, ತೊಚಿ ನೊ ತ್ಸುಕಯ್ಕತ ಗ ಕವತ್ತ’ ಎನ್ನಬಹುದು. ಅರ್ಥ: ‘ಸೌರ ವಿದ್ಯುತ್ ಸ್ಥಾವರ ಬಂತು. ಅದರ ಪರಿಣಾಮವಾಗಿ ಭೂಮಿಯ ಬಳಕೆ ಬದಲಾಯಿತು’.

ಸೊಕೊದೆ. ಒಂದು ಪರಿಸ್ಥಿತಿಗೆ ಉತ್ತರವಾಗಿ ಬೇಕೆಂದೇ ಕೈಗೊಂಡ ಕ್ರಮವನ್ನು ಹೇಳುತ್ತದೆ. ‘ಮಿಜು ಗ ತರಿನಕತ್ತ. ಸೊಕೊದೆ, ಮುರ ನೊ ಹಿತೊ ವ ಇದೊ ಒ ಹೊತ್ತ’ ಎಂದರೆ ‘ನೀರು ಸಾಲಲಿಲ್ಲ. ಅದಕ್ಕೆ ಊರವರು ಬಾವಿ ತೋಡಿದರು’. ತಾನಾಗಿ ಆದ ಫಲಕ್ಕೆ ಇದನ್ನು ಬಳಸುವಂತಿಲ್ಲ.

ಸುರುತೊ. ಒಂದು ಕ್ರಿಯೆಯ ಬೆನ್ನಿಗೇ ಕಂಡುಬಂದ, ಮಾತಾಡುವವರ ಇಚ್ಛೆಗೆ ಒಳಪಡದ ಸಂಗತಿಯನ್ನು ಹೇಳುತ್ತದೆ. ‘ಯಮ ನಿ ನೊಬೊತ್ತ. ಸುರುತೊ, ಮಚಿ ಗ ಮಿಎತ’ ಎಂದರೆ ‘ಬೆಟ್ಟ ಹತ್ತಿದೆ. ಆಗ ಊರು ಕಂಡಿತು’. ಮಧುಗಿರಿಯ ಏಕಶಿಲಾ ಬೆಟ್ಟವನ್ನು ಹತ್ತಿದವರ ಅನುಭವವನ್ನು ಹೇಳಲು ತಕ್ಕ ರೂಪ ಇದು. ಕನ್ನಡದಲ್ಲಿ ಇಂಥ ಕಡೆ ‘ಹತ್ತುತ್ತಲೇ’ ಎಂಬ ಕೃದಂತವೇ ಸಾಕಾಗುವುದುಂಟು.

ಶಿತಗತ್ತೆ. ಪೂರ್ವವಾಕ್ಯವನ್ನು ಆಧಾರವಾಗಿಟ್ಟುಕೊಂಡು ತರ್ಕದಿಂದ ಹೊರಡುವ ತೀರ್ಮಾನವನ್ನು ಹೇಳುತ್ತದೆ. ‘ಕೊನೊ ಯಮ ನೊ ಇವ ವ ಸುಬೆರಿಯಸುಯ್. ಶಿತಗತ್ತೆ, ಅಮೆ ನೊ ಹಿ ನೊ ತೊಜನ್ ವ ಕಿಕೆನ್ ದೆ ಅರು’ ಎಂದರೆ ‘ಈ ಬೆಟ್ಟದ ಬಂಡೆಗಳು ಜಾರುತ್ತವೆ. ಆದ್ದರಿಂದ ಮಳೆ ಬರುವ ದಿನ ಹತ್ತುವುದು ಅಪಾಯಕಾರಿ’. ಸಭೆಗಳಲ್ಲಿ, ಭಾಷಣಗಳಲ್ಲಿ ‘ಶಿತಗಯ್ಮಶಿತೆ’ ಎಂಬ ಗೌರವರೂಪ ಬಳಕೆಯಲ್ಲಿದೆ. ‘ನಿ ಶಿತಗತ್ತೆ’ ಎಂದು ನಾಮಪದದ ಅಥವಾ ಕ್ರಿಯೆಯ ನಂತರ ಬಂದಾಗ ಅದು ಫಲಸೂಚಕವಲ್ಲ. ‘ಅನುಸಾರವಾಗಿ’, ‘ಆದಂತೆಲ್ಲ’ ಎಂಬ ಅರ್ಥ ಕೊಡುತ್ತದೆ.

ಯೊತ್ತೆ ಮತ್ತು ಯುಎ ನಿ. ಇವೆರಡೂ ಅತಿ ವಿಧಿಬದ್ಧ ರೂಪಗಳು. ಪ್ರಶಸ್ತಿಪತ್ರ, ತೀರ್ಪು, ಗಣಿತದ ಸಾಧನೆ, ತತ್ತ್ವಶಾಸ್ತ್ರದ ಬರಹಗಳಿಗೆ ಸೀಮಿತ.

ಉತ್ತರವಾಕ್ಯದ ನಿರ್ಬಂಧಗಳು

ಕನ್ನಡದ ‘ಆದ್ದರಿಂದ’ ಎಂಬುದರ ಮುಂದೆ ಯಾವ ಬಗೆಯ ವಾಕ್ಯವೂ ಬರಬಹುದು: ‘ಆದ್ದರಿಂದ ಕೆರೆ ತುಂಬಿತು’, ‘ಆದ್ದರಿಂದ ಬೇಗ ಹೊರಡಿ’, ‘ಆದ್ದರಿಂದ ನಾಳೆ ಬರೋಣ’. ಜಪಾನಿಯಲ್ಲಿ ಹಾಗಿಲ್ಲ. ಅಲ್ಲಿ ಅವ್ಯಯದ ಆಯ್ಕೆಯನ್ನು ಉತ್ತರವಾಕ್ಯದ ಸ್ವರೂಪವೇ ನಿರ್ಧರಿಸುತ್ತದೆ.

ಆಜ್ಞೆ, ಕೋರಿಕೆ, ಸಲಹೆ, ಸಂಕಲ್ಪಗಳು ಉತ್ತರವಾಕ್ಯವಾದಾಗ ದಕರ ಅಥವಾ ದೆಸುಕರ ಮಾತ್ರ ನಿಸ್ಸಂಶಯವಾಗಿ ಸಲ್ಲುತ್ತವೆ. ‘ಅಮೆ ಗ ಫುತ್ತೆ ಇಮಸು. ದೆಸುಕರ, ಹಯಕು ಇತ್ತೆ ಕುದಸಯ್’ (ಮಳೆ ಬರುತ್ತಿದೆ. ಆದ್ದರಿಂದ ಬೇಗ ಹೋಗಿ) ಸರಿಯಾದ ಪ್ರಯೋಗ. ಇಲ್ಲಿ ಸೊರೆದೆ ಅಥವಾ ಸೊನೊ ತಮೆ ಇಟ್ಟರೆ ತಪ್ಪಾಗುತ್ತದೆ. ನಡೆದ ಅಥವಾ ಇರುವ ಸಂಗತಿಯನ್ನು ಹೇಳುವಾಗ ಸೊರೆದೆ, ಸೊನೊ ತಮೆ, ಸೊನೊ ಕೆಕ್ಕ ಸಲ್ಲುತ್ತವೆ. ಬೇಕೆಂದು ಮಾಡಿದ ಕ್ರಮಕ್ಕೆ ಸೊಕೊದೆ, ತಾನಾಗಿ ಕಂಡುಬಂದದ್ದಕ್ಕೆ ಸುರುತೊ, ತಾರ್ಕಿಕ ನಿರ್ಣಯಕ್ಕೆ ಶಿತಗತ್ತೆ. ಕನ್ನಡಿಗ ಕಲಿಯುವವರು ಹೆಚ್ಚಿನ ಗಮನ ಕೊಡಬೇಕಾದ ಭಾಗ ಇದೇ. ಅರ್ಥ ಮತ್ತು ಸ್ಥಾನ ಎರಡೂ ಮಾತೃಭಾಷೆಗೆ ಹೊಂದಿಕೊಳ್ಳುವುದರಿಂದ ನಿರ್ಬಂಧ ಕಣ್ಣಿಗೆ ಬೀಳದೆ ಹೋಗುತ್ತದೆ.

ವಾಕ್ಯದೊಳಗಿನ ಕಾರಣರೂಪಗಳು

ಎರಡು ವಾಕ್ಯಗಳಾಗಿ ಒಡೆಯದೆ ಒಂದೇ ವಾಕ್ಯದಲ್ಲಿ ಕಾರಣ ಫಲಗಳನ್ನು ಹೇಳಲು ಜಪಾನಿಯಲ್ಲಿ ಕರ, ನೊದೆ, ತಮೆ ಮತ್ತು ‘ತೆ’ ರೂಪಗಳಿವೆ. ‘ನೊದೆ’ ಎಂಬುದರಲ್ಲಿ ‘ನೊ’ ಕ್ರಿಯೆಯನ್ನು ನಾಮವಾಗಿಸುತ್ತದೆ, ‘ದೆ’ ತೃತೀಯಾರ್ಥ ಕೊಡುತ್ತದೆ. ಕನ್ನಡದ ‘-ಉದರಿಂದ’ ಎಂಬುದರ ಕಟ್ಟಡವೂ ಇದೇ. ಶಿರಾ ತಾಲ್ಲೂಕಿನ ಕಗ್ಗಲಡು ಬಣ್ಣದ ಕೊಕ್ಕರೆಗಳಿಗೆ ಹೆಸರಾದ ಊರು. ‘ಕಗ್ಗಲಡು ನಿ ವ ತೊರಿ ಗ ಓಯ್ ನೊದೆ, ಹಿತೊ ಗ ಕುರು’ ಎಂದರೆ ‘ಕಗ್ಗಲಡುವಿನಲ್ಲಿ ಹಕ್ಕಿಗಳು ಹೆಚ್ಚಾಗಿರುವುದರಿಂದ ಜನ ಬರುತ್ತಾರೆ’. ಕರ ಮಾತಾಡುವವರ ಅಭಿಪ್ರಾಯವನ್ನು ಮುಂದಿಡುತ್ತದೆ, ನೊದೆ ಮೃದು. ಕ್ಷಮೆ ಕೇಳುವಾಗ, ರಜೆ ಬೇಡುವಾಗ ನೊದೆ ಬಳಸುವುದು ರೂಢಿ.

‘ತೆ’ ರೂಪ ಕನ್ನಡದ ಭೂತಕಾಲಿಕ ಕೃದಂತಕ್ಕೆ ಸಮ. ‘ಅಮೆ ಗ ಫುತ್ತೆ, ಇಕೆ ಗ ಇಪ್ಪಯ್ ನಿ ನತ್ತ’ ಎಂಬುದು ‘ಮಳೆ ಬಂದು ಕೆರೆ ತುಂಬಿತು’ ಎಂಬ ವಾಕ್ಯದ ಪದಕ್ರಮವನ್ನೇ ಹೊಂದಿದೆ. ಎರಡೂ ಭಾಷೆಗಳಲ್ಲಿ ಕಾರಣವನ್ನು ಬಾಯಿಬಿಟ್ಟು ಹೇಳದೆ ಕ್ರಿಯೆಗಳ ಅನುಕ್ರಮವೇ ಅದನ್ನು ಸೂಚಿಸುತ್ತದೆ.

ಬಳಕೆಯ ಕ್ಷೇತ್ರಗಳು

ಮನೆಮಾತಿನಲ್ಲಿ ದಕರ, ಸೊರೆದೆ ಹೆಚ್ಚು. ವಾಕ್ಯದ ಮೊದಲಲ್ಲಿ ನನೊದೆ ಬಳಸುವ ರೂಢಿ ಇತ್ತೀಚಿನದು. ಮಾತಿನಲ್ಲಿ ಹರಡಿದ್ದರೂ ವಿಧಿಬದ್ಧ ಬರಹದಲ್ಲಿ ಅದನ್ನು ಒಪ್ಪುವವರು ಕಡಿಮೆ. ಕಾರ್ಖಾನೆ, ಕಚೇರಿಗಳ ವರದಿಗಳಲ್ಲಿ ಸೊನೊ ತಮೆ, ಸೊನೊ ಕೆಕ್ಕ ಬರುತ್ತವೆ. ಪ್ರಬಂಧಗಳಲ್ಲಿ, ಕಾನೂನಿನ ಬರಹಗಳಲ್ಲಿ ಶಿತಗತ್ತೆಗೆ ಸ್ಥಾನ. ಜಪಾನಿನ ನ್ಯಾಯಾಲಯಗಳ ತೀರ್ಪಿನ ಕೊನೆಯ ವಾಕ್ಯ ಸಾಮಾನ್ಯವಾಗಿ ಯೊತ್ತೆ ಎಂಬುದರಿಂದ ಆರಂಭವಾಗುತ್ತದೆ. ಕರ್ನಾಟಕದ ಸರ್ಕಾರಿ ಕಡತಗಳಲ್ಲಿ ಪ್ರಸ್ತಾವನೆಯ ನಂತರ ‘ಆದ್ದರಿಂದ ಈ ಆದೇಶ’ ಎಂದು ಬರೆಯುವ ರೂಢಿಯೂ ಇದೇ ಜಾತಿಯದು. ಗಣಿತದಲ್ಲಿ ಮೂರು ಚುಕ್ಕಿಗಳ ‘∴’ ಚಿಹ್ನೆಯನ್ನು ಕನ್ನಡ ತರಗತಿಗಳಲ್ಲಿ ‘ಆದ್ದರಿಂದ’ ಎಂದು ಓದಿದರೆ ಜಪಾನಿಯಲ್ಲಿ ಯುಎ ನಿ ಎಂದು ಓದುತ್ತಾರೆ.

ಪ್ರಾದೇಶಿಕ ರೂಪಗಳು

ಜಪಾನಿನ ಉಪಭಾಷೆಗಳಲ್ಲಿ ಕರ ಎಂಬುದರ ಬದಲು ಬೇರೆ ರೂಪಗಳಿವೆ. ಒಸಾಕಾ, ಕ್ಯೋತೊ ಸೀಮೆಯಲ್ಲಿ ‘ಸಕಯ್’, ಹಿರೋಶಿಮಾ ಮತ್ತು ಕ್ಯೂಶೂ ಕಡೆ ‘ಕೆನ್’ ಕೇಳಿಬರುತ್ತವೆ. ಕನ್ನಡದಲ್ಲಿಯೂ ಧಾರವಾಡ ಕಡೆ ‘ಹಿಂಗಾಗಿ’, ‘ಅದಕ್ಕ’ ಎಂದರೆ ತುಮಕೂರು ಸೀಮೆಯ ಹಳ್ಳಿಗಳಲ್ಲಿ ‘ಅದ್ಕೆ’, ‘ಅಂಗಾಗಿ’ ಎನ್ನುತ್ತಾರೆ.

ಸಿದ್ದರಬೆಟ್ಟದ ಸೀಮೆ ಬಹುಭಾಷಿಕ. ಬಹುಪಾಲು ಆಂಧ್ರಪ್ರದೇಶದಿಂದ ಸುತ್ತುವರಿದ ಪಾವಗಡದಲ್ಲಿ ಕನ್ನಡ, ತೆಲುಗು ಎರಡನ್ನೂ ಆಡುವವರು ಹೆಚ್ಚು. 1687ರಿಂದ ಮೊಗಲ್ ಸುಬಾದ ಕೇಂದ್ರವಾಗಿದ್ದ ಶಿರಾದಲ್ಲಿ ಉರ್ದು ಆಡುವ ಸಮುದಾಯವಿದೆ. ತೆಲುಗಿನ ‘ಕಾಬಟ್ಟಿ’ ಎಂಬುದು ‘ಆಗು’ ಎಂಬರ್ಥದ ಧಾತುವಿಗೆ ‘ಆಧರಿಸಿ, ಹಿಡಿದು’ ಎಂಬರ್ಥದ ‘ಬಟ್ಟಿ’ ಸೇರಿ ಆದದ್ದು. ಯೊತ್ತೆಯ ಮೂಲಾರ್ಥಕ್ಕೆ ಇದು ಹತ್ತಿರ. ಉರ್ದುವಿನ ‘ಇಸ್ ಲಿಯೇ’ ಎಂಬುದು ಸೊನೊ ತಮೆಯಂತೆ ‘ಇದರ ಸಲುವಾಗಿ’ ಎಂಬರ್ಥದಿಂದ ಹುಟ್ಟಿದೆ.

ಕನ್ನಡ ಮತ್ತು ಜಪಾನಿ: ಹೋಲಿಕೆಯ ಮಿತಿ

ಕರ್ತೃ-ಕರ್ಮ-ಕ್ರಿಯಾ ಕ್ರಮ, ಪದದ ಕೊನೆಗೆ ಪ್ರತ್ಯಯ ಹತ್ತುವುದು, ಕೃದಂತಗಳ ಸರಣಿ ಇವು ಎರಡೂ ಭಾಷೆಗಳಿಗೆ ಸಮಾನ. ಜಪಾನಿ ಭಾಷಾತಜ್ಞ ಸುಸುಮು ಓನೊ ತಮಿಳಿಗೂ ಜಪಾನಿಗೂ ಚಾರಿತ್ರಿಕ ಸಂಬಂಧವಿದೆ ಎಂದು ವಾದಿಸಿದ್ದರು. ಬಹುಪಾಲು ಭಾಷಾವಿಜ್ಞಾನಿಗಳು ಅದನ್ನು ಒಪ್ಪಿಲ್ಲ. ಆದ್ದರಿಂದ ಇಲ್ಲಿ ತೋರಿಸಿದ ಹೋಲಿಕೆಗಳನ್ನು ರಚನೆಯ ಸಾಮ್ಯವೆಂದು ತಿಳಿಯಬೇಕು. ಅವು ಭಾಷಾಕುಟುಂಬದ ನಂಟಿಗೆ ಸಾಕ್ಷಿಯಲ್ಲ.

ಬೋಧನೆ ಮತ್ತು ಇಂದಿನ ಸ್ಥಿತಿ

ಪಠ್ಯಪುಸ್ತಕಗಳು ಸಾಮಾನ್ಯವಾಗಿ ವಾಕ್ಯದೊಳಗಿನ ರೂಪಗಳಿಂದ ಆರಂಭಿಸಿ ವಾಕ್ಯಗಳ ನಡುವಿನ ಅವ್ಯಯಗಳಿಗೆ ಸಾಗುತ್ತವೆ. ವ್ಯಾಪಕವಾಗಿ ಬಳಕೆಯಲ್ಲಿರುವ ‘ಮಿನ್ನ ನೊ ನಿಹೊಂಗೊ’ ಪುಸ್ತಕಮಾಲೆಯಲ್ಲಿ ಕರ 9ನೆಯ ಪಾಠದಲ್ಲಿ, ಕಾರಣಾರ್ಥದ ತೆ ರೂಪ ಮತ್ತು ನೊದೆ 39ನೆಯ ಪಾಠದಲ್ಲಿ ಬರುತ್ತವೆ. ಸೊನೊ ತಮೆ ಮಧ್ಯಮ ಹಂತದಲ್ಲಿ, ಶಿತಗತ್ತೆ ಅದರಿಂದ ಮೇಲೆ, ಯುಎ ನಿ ಉನ್ನತ ಹಂತದಲ್ಲಿ ಕಲಿಸಲ್ಪಡುತ್ತವೆ.

ಜಪಾನಿ ಭಾಷಾ ಸಾಮರ್ಥ್ಯ ಪರೀಕ್ಷೆ (ಜೆಎಲ್‌ಪಿಟಿ) 1984ರಲ್ಲಿ ಆರಂಭವಾಯಿತು. 2010ರಿಂದ ಅದರಲ್ಲಿ ಎನ್5ರಿಂದ ಎನ್1ರವರೆಗೆ ಐದು ಹಂತಗಳಿವೆ, ಎನ್1 ಅತ್ಯುನ್ನತ. ಅದೇ ವರ್ಷದಿಂದ ಹಂತವಾರು ವ್ಯಾಕರಣ ಪಟ್ಟಿಯ ಅಧಿಕೃತ ಪ್ರಕಟಣೆ ನಿಂತಿರುವುದರಿಂದ, ಯಾವ ಅವ್ಯಯ ಯಾವ ಹಂತದ್ದು ಎಂಬುದನ್ನು ಪುಸ್ತಕಗಳು ತಮ್ಮ ಅಂದಾಜಿನಿಂದಲೇ ಹೇಳುತ್ತವೆ. ಬೆಂಗಳೂರು ಭಾರತದ ಪರೀಕ್ಷಾ ಕೇಂದ್ರಗಳಲ್ಲಿ ಒಂದು. ಮಧುಗಿರಿಯಿಂದ ಅಲ್ಲಿಗೆ ಸುಮಾರು 100 ಕಿ.ಮೀ.

ಕರ್ನಾಟಕದಲ್ಲಿ ಜಪಾನಿ ಕಲಿಕೆಗೆ ಬೇಡಿಕೆ ಬಂದಿರುವುದು ಮುಖ್ಯವಾಗಿ ಉದ್ಯೋಗದಿಂದ. ಬಿಡದಿಯಲ್ಲಿ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆ 1999ರ ಕೊನೆಯಲ್ಲಿ ಉತ್ಪಾದನೆ ಆರಂಭಿಸಿತು. ತುಮಕೂರು ಚೆನ್ನೈ-ಬೆಂಗಳೂರು ಕೈಗಾರಿಕಾ ಕಾರಿಡಾರ್‌ನ ಒಂದು ಘಟಕ. ಆ ಕಾರಿಡಾರ್‌ನ ಯೋಜನಾ ಅಧ್ಯಯನ ನಡೆಸಿದ್ದು ಜಪಾನಿನ ಅಂತರರಾಷ್ಟ್ರೀಯ ಸಹಕಾರ ಸಂಸ್ಥೆ ಜೈಕಾ. ತುಮಕೂರು-ಶಿರಾ ಹೆದ್ದಾರಿ ಬದಿಯ ವಸಂತನರಸಾಪುರ ಕೈಗಾರಿಕಾ ಪ್ರದೇಶದಲ್ಲಿ ಜಪಾನಿ ಕೈಗಾರಿಕಾ ಪಟ್ಟಣವನ್ನು ಯೋಜಿಸಲಾಗಿದೆ. ನುರಿತ ಕೆಲಸಗಾರರನ್ನು ಜಪಾನಿಗೆ ಕಳಿಸುವ ಬಗ್ಗೆ ಭಾರತ ಮತ್ತು ಜಪಾನ್ 2021ರ ಜನವರಿಯಲ್ಲಿ ಸಹಕಾರ ಒಪ್ಪಂದ ಮಾಡಿಕೊಂಡವು. ಈ ಯೋಜನೆಯಡಿ ಹೋಗುವವರು ಸಾಮಾನ್ಯವಾಗಿ ಎನ್4 ಅಥವಾ ಅದಕ್ಕೆ ಸಮನಾದ ಭಾಷಾ ಪರೀಕ್ಷೆಯಲ್ಲಿ ಉತ್ತೀರ್ಣರಾಗಬೇಕು. ಕರ, ನೊದೆ, ದಕರ, ಸೊರೆದೆ ಎಂಬ ನಾಲ್ಕು ರೂಪಗಳು ಆ ಹಂತದೊಳಗೇ ಬರುತ್ತವೆ.